ಅಣ್ಣನ ಕಾರು ಕುಡಿದ ಪೆಟ್ರೋಲು

ಅಣ್ಣ ಡ್ರೈವರನ ಕೈ ಮುರಿದದ್ದು ನಮ್ಮ ಮನೆಯ ಅಂಗಳದಲ್ಲಿ, ಬೆಳಗಿನ ಬಿಸಿಲಿನಲ್ಲಿ. ನಾನು ದವಾಖಾನೆಗೆ ಹೊರಡಲು ಕೋಣೆಯಲ್ಲಿ ಸೀರೆಯ ನಿರಿಗೆ ಸರಿಮಾಡಿಕೊಳ್ಳುತ್ತಿದ್ದೆ. ಮೊದಲು ಅಣ್ಣನ ಕೂಗು ಕೇಳಿತು. ಅದರ ಹಿಂದೆಯೇ ಕಬ್ಬಿಣ ಎಲುಬಿಗೆ ಬಡಿದ ಸದ್ದು. ನರ್ಸಾಗಿ ಎಷ್ಟೋ ಮುರಿದ ಕೈಕಾಲು ಕಟ್ಟಿದ್ದೆ, ಆದರೆ ಎಲುಬು ಮುರಿಯುವ ಸದ್ದನ್ನು ಕೇಳಿರಲಿಲ್ಲ. ನಮ್ಮ ಹತ್ತಿರ ಬರುವ ಹೊತ್ತಿಗೆ ಅದು ಮುರಿದಾಗಿರುತ್ತದೆ.

ಹೊರಗೆ ಓಡಿ ಬಂದೆ. ಡ್ರೈವರ ಕಾರಿನ ಮಡ್ಗಾರ್ಡಿಗೆ ಒರಗಿ ಮೊಣಕಾಲ ಮೇಲೆ ಕೂತಿದ್ದ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಮಣಿಕಟ್ಟಿನ ಮೇಲೆ ಕೈ ಇರಬಾರದ ಕಡೆಗೆ ಬಾಗಿತ್ತು. ಅಣ್ಣನ ಕೈಯಲ್ಲಿ ಕಾರನ್ನು ತಿರುವಿ ಶುರುಮಾಡುವ ಕಬ್ಬಿಣದ ಹ್ಯಾಂಡಲ್ ಇತ್ತು. ಅಣ್ಣನ ಹೆಂಡತಿ, ನನ್ನ ವೈನಿ, ಪಡಸಾಲೆಯ ಕಂಬವನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ್ದಳು.

“ಕಳ್ಳ ನನ ಮಗನ, ಯಾರಿಗೆ ಮಾರಿದಿ ಹೇಳ! ಹೇಳ್ತೀಯೋ, ಆ ಕೈನೂ ಮುರೀಲೋ?”

“ನಾ ಕದ್ದಿಲ್ರಿ ಧಣ್ಯಾರ. ದೇವರಾಣಿ ಕದ್ದಿಲ್ರಿ.”

ಹ್ಯಾಂಡಲ್ ಮತ್ತೆ ಮೇಲೆದ್ದಿತು. ನಾನು ಹೋಗಿ ಡ್ರೈವರನ ಮೇಲೆ ಬಾಗಿ ನಿಂತೆ. “ಹೊಡಿ ಅಣ್ಣಾ, ನನ್ನ ಬೆನ್ನ ಮ್ಯಾಲೆ ಹೊಡಿ” ಎಂದೆ. ಅವನು ಹ್ಯಾಂಡಲನ್ನು ಕಲ್ಲುಹಾಸಿನ ಮೇಲೆ ಒಗೆದು ಒಳಗೆ ಹೋದ. ಒಳಗಿನಿಂದ ತಾಮ್ರದ ಹಂಡೆಯನ್ನು ಒದ್ದ ಸದ್ದು ಬಂತು.

ಅವು ಯುದ್ಧದ ವರ್ಷಗಳು. ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತಿತ್ತು. ತಿಂಗಳಿಗೆ ಇಷ್ಟೇ ಎಂದು ಸರಕಾರ ಕೊಟ್ಟದ್ದರಲ್ಲೇ ನಡೆಸಬೇಕು, ಮುಗಿದರೆ ಕಾರನ್ನು ನೆರಳಿಗೆ ನಿಲ್ಲಿಸಿ ಟಾಂಗಾ ಹತ್ತಬೇಕು. ಅಣ್ಣ ಹತ್ತಿಯ ವ್ಯಾಪಾರಿ. ಇವತ್ತು ಹುಬ್ಬಳ್ಳಿಯ ಪೇಟೆ, ನಾಳೆ ಧಾರವಾಡದ ಕಚೇರಿ, ನಾಡಿದ್ದು ಹಳ್ಳಿಯ ಅರಳೆ ಬಿಡಿಸುವ ಜಿನ್ನು ಎಂದು ಅವನ ಓಡಾಟ. ಊರು ಬಿಟ್ಟುಹೋದ ಒಬ್ಬ ಸಾಹೇಬನಿಂದ ಕೊಂಡ ಹಳೆಯ ಕಾರು ಅದು. ಮೊದಲೆಲ್ಲ ಕೂಪನ್ನಿನ ಪೆಟ್ರೋಲಿನಲ್ಲಿ ಹೇಗೋ ತಿಂಗಳು ದಾಟುತ್ತಿತ್ತು. ಆ ಬೇಸಿಗೆಯಿಂದ ಮಾತ್ರ ಅರ್ಧ ತಿಂಗಳಿಗೇ ಟ್ಯಾಂಕು ಬರಿದಾಗತೊಡಗಿತು. ಒಂದು ಸಲ ನವಲೂರಿನ ಹತ್ತಿರ ನಡುರಸ್ತೆಯಲ್ಲೇ ನಿಂತಿತು. ಅಣ್ಣನಿಗಿಂತ ಮುಂಚೆ ಬೇರೊಬ್ಬ ವ್ಯಾಪಾರಿ ಹೋಗಿ ಸೌದಾ ಮುಗಿಸಿಬಿಟ್ಟ. ಪೇಟೆಯಲ್ಲಿ ಪೆಟ್ರೋಲನ್ನು ಕದ್ದು ಮಾರುವವರಿದ್ದದ್ದು ನಿಜ. ಹಾಗಾಗಿ ಅಣ್ಣನಿಗೆ ಬೇರೆ ಕಾರಣ ಹುಡುಕುವ ಅಗತ್ಯವೇ ಕಾಣಲಿಲ್ಲ.

ಡ್ರೈವರನನ್ನು ಟಾಂಗಾದಲ್ಲಿ ಕೂರಿಸಿಕೊಂಡು ದವಾಖಾನೆಗೆ ಹೋದೆ. ಡಾಕ್ಟರರು ಎಲುಬು ಎಳೆದು ಕೂರಿಸುವಾಗ ನಾನು ಅವನ ಭುಜ ಹಿಡಿದಿದ್ದೆ. ಅವನು ಒದರಲಿಲ್ಲ. ಎಲ್ಲ ಮುಗಿದ ಮೇಲೆ ಮೆಲ್ಲಗೆ ಹೇಳಿದ:

“ಅಕ್ಕಾರ, ಗಾಡ್ಯಾಗ ಏನೋ ಐತ್ರಿ. ಹಿಂದಿನಂಗ ಓಡವಲ್ತು. ಹೇಳಾಕ ಹೋದ್ರ ಧಣ್ಯಾರು ಕೇಳಂಗಿಲ್ಲ. ಕಳ್ಳ ನೆವಾ ಹುಡುಕತಾನ ಅಂತಾರು.”

“ಏನೈತಿ ಅಂತ ಗೊತ್ತೇನು ನಿನಗ?”

“ಬಿಚ್ಚಿ ನೋಡದ ಹೆಂಗ ಹೇಳ್ಲಿ? ಬಿಚ್ಚಾಕ ಬಿಡಂಗಿಲ್ಲಲ್ರಿ.”

ಅವನನ್ನು ನಂಬಿದೆ ಎಂದು ಹೇಳಲಾರೆ. ಅಣ್ಣನನ್ನೂ ನಂಬಲಿಲ್ಲ. ಜ್ವರ ಬಂದವರು ಏನೇನೋ ಕಾರಣ ಹೇಳುತ್ತಾರೆ, ಮೈ ಮುಟ್ಟಿ ನೋಡಬೇಕು ಎಂದಷ್ಟೇ ನನ್ನ ಕೆಲಸ ನನಗೆ ಕಲಿಸಿತ್ತು.

ಅಣ್ಣನ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ನಾನು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಗಂಡನ ಮನೆಯವರು ನನ್ನನ್ನು ಹಿತ್ತಲಿನ ಕೋಣೆಯಲ್ಲಿ ಇಟ್ಟಿದ್ದರು. ಮೈದುನ ಬಾರುಕೋಲಿನಿಂದ ಹೊಡೆಯುತ್ತಿದ್ದ. ಸುದ್ದಿ ತಿಳಿದ ದಿನ ಅಣ್ಣ ಬಂದ, ಬಾಗಿಲನ್ನು ಒದ್ದು ಮುರಿದ, ಮೈದುನನನ್ನು ಕೊಟ್ಟಿಗೆಯ ಮೇವಿನ ಗೋದಲಿಯೊಳಗೆ ಕೆಡವಿ ಬಾಯಲ್ಲಿ ರಕ್ತ ಬರುವ ಹಾಗೆ ಹೊಡೆದ. ನನ್ನನ್ನು ಎತ್ತಿನ ಚಕ್ಕಡಿಯಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಗೆ ಕರೆತಂದ. ಮನೆಯ ಹಿರಿಯರೆಲ್ಲ ಬೇಡವೆಂದರೂ ನರ್ಸಿನ ಕೆಲಸ ಕಲಿಯಲು ಕಳಿಸಿದ. ಆ ದಿನ ಅವನ ಮುಷ್ಟಿ ನನಗೆ ದೇವರ ಕೈಯಂತೆ ಕಂಡಿತ್ತು. ಈಗ ಅದೇ ಮುಷ್ಟಿ ಬಡಿದ ಕೈಗೆ ನಾನು ಪಟ್ಟಿ ಸುತ್ತುತ್ತಿದ್ದೆ.

ಕೈ ಮುರಿದ ದಿನವೇ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಬೀದಿಯಲ್ಲಿ ಗದ್ದಲ ಕೇಳಿತು. ಡ್ರೈವರನ ಮನೆ ಕಮರಿಪೇಟೆಯಲ್ಲಿ. ಅವನ ದೊಡ್ಡಣ್ಣ ಗರಡಿಯ ಪೈಲವಾನ, ಅಗಲ ಹೆಗಲಿನ ಆಳು. ಅವನೂ ಗರಡಿಯ ನಾಲ್ಕೈದು ಮಂದಿಯೂ ಬಡಿಗೆ ಹಿಡಿದು ಬಂದಿದ್ದರು. ಮೊದಲ ಕಲ್ಲು ಹೆಂಚಿಗೆ ಬಿತ್ತು, ಎರಡನೆಯದು ತುಳಸಿಕಟ್ಟೆಯ ಮೂಲೆ ಹಾರಿಸಿತು.

“ಹೊರಗ ಬಾರಲೇ ಸಾವ್ಕಾರ! ಕಟ್ಟಿಹಾಕಿದ ನಾಯಿಗೆ ಹೊಡದಂಗ ಹೊಡದಿ. ನನಗ ಹೊಡಿ ಬಾ!”

ಅಣ್ಣ ಎಂಜಲ ಕೈಯಲ್ಲೇ ಎದ್ದು ಬೇಟೆಯ ಬಂದೂಕು ತೆಗೆದುಕೊಂಡ. ವೈನಿ ಅವನ ಕಾಲು ಹಿಡಿದಳು, ಅವಳನ್ನು ಎಳೆದುಕೊಂಡೇ ಬಾಗಿಲಿನವರೆಗೂ ನಡೆದ. ಸೂರಿನ ಕಡೆಗೆ ಒಂದು ಗುಂಡು ಹಾರಿಸಿದ. ಹೆಂಚಿನ ಚೂರು ಎಲ್ಲರ ತಲೆಯ ಮೇಲೆ ಸುರಿಯಿತು. ಹೊರಗಿದ್ದವರು ಹಿಂದೆ ಸರಿದರು, ಪೈಲವಾನ ಮಾತ್ರ ಸರಿಯಲಿಲ್ಲ. ಎದೆಯ ಮೇಲಿನ ಅಂಗಿಯನ್ನು ಎರಡೂ ಕೈಯಿಂದ ಹರಿದುಕೊಂಡು ಒಂದು ಹೆಜ್ಜೆ ಮುಂದೆ ಬಂದ. ಅಣ್ಣ ಬಂದೂಕನ್ನು ಇಳಿಸಿ ಆ ಎದೆಗೆ ಗುರಿಯಿಟ್ಟ.

ನಾನು ನಳಿಗೆಯನ್ನು ಕೈಯಲ್ಲಿ ಹಿಡಿದು ಮೇಲಕ್ಕೆ ತಳ್ಳಿದೆ. ಬಿಸಿಯಾಗಿತ್ತು, ಅಂಗೈ ಚುರ್ ಎಂದಿತು.

“ಎಲ್ಲಾರೂ ನನ್ನ ಮಾತು ಕೇಳ್ರಿ” ಎಂದು ಒದರಿದೆ. ಅಷ್ಟು ದೊಡ್ಡ ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. “ಡ್ರೈವರ ಕದ್ದಾನ ಅಂತ ಅಣ್ಣ ಅಂತಾನ. ಗಾಡೀನ ಕುಡೀತೈತಿ ಅಂತ ಇವರ ತಮ್ಮ ಅಂತಾನ. ಯಾವುದು ಖರೇ ಅನ್ನೂದು ಗಾಡಿಗೇ ಗೊತ್ತೈತಿ. ಬರೂ ಸಂತಿ ತನಕ ತಡೀರಿ. ಇನ್ನೊಬ್ಬ ಡ್ರೈವರನ್ನ ಇಟ್ಟು ಓಡಸ್ತೀವಿ. ಗಾಡೀನ ಕುಡೀತಂದ್ರ ಅಣ್ಣ ಇದೇ ಅಂಗಳದಾಗ ನಿಂತು, ಅವ ಕಳ್ಳ ಅಲ್ಲ ಅಂತ ನಾಲ್ಕು ಮಂದಿ ಮುಂದ ಹೇಳ್ತಾನ.”

“ಅಂದ್ರ ಕೈ ಕೂಡತೈತೇನ್ರಿ?” ಎಂದ ಪೈಲವಾನ.

“ಕೂಡಸ್ತೀನಿ. ಅದು ನನ್ನ ಕೆಲಸ.”

ಅವನು ನನ್ನ ಸುಟ್ಟ ಅಂಗೈಯನ್ನು ನೋಡಿದ. ಬಡಿಗೆಯನ್ನು ನಮ್ಮ ಹೊಸ್ತಿಲಿಗೆ ಒಂದು ಸಲ ಬಲವಾಗಿ ಬಡಿದು ಹೊರಟುಹೋದ. ಆ ಸಂಜೆಯೇ ಬಂದೂಕಿನ ತೋಟೆಗಳನ್ನೆಲ್ಲ ಹುಡುಕಿ ಹಿತ್ತಲಿನ ಬಾವಿಗೆ ಹಾಕಿದೆ.

ಅಣ್ಣ ಒಪ್ಪಿದ. ತಾನು ಗೆಲ್ಲುತ್ತೇನೆಂಬ ಧೈರ್ಯವಿತ್ತು ಅವನಿಗೆ. ಗದಗಿನ ಕಡೆಯ ಹೊಸ ಡ್ರೈವರನೊಬ್ಬ ಬಂದ. ರಾತ್ರಿ ಗಾಡಿಯ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಅಣ್ಣ ಸೊಂಟಕ್ಕೆ ಕಟ್ಟಿಕೊಂಡ. ಬಿದಿರಿನ ಕಡ್ಡಿಯನ್ನು ಟ್ಯಾಂಕಿನಲ್ಲಿ ಇಳಿಬಿಟ್ಟು ಪೆಟ್ರೋಲು ಎಷ್ಟಿದೆ ಎಂದು ಹೋಗುವಾಗ, ಬರುವಾಗ ತಾನೇ ನೋಡುತ್ತಿದ್ದ. ಆದರೂ ಪೆಟ್ರೋಲು ಅಷ್ಟೇ ಬೇಗ ಇಳಿಯುತ್ತಿತ್ತು. ಬೀಗ ಹಾಕಿದ ಕೋಣೆಯಲ್ಲಿ ನಿಂತ ಗಾಡಿಯ ಟ್ಯಾಂಕು ಕೂಡ ಬೆಳಗಾಗುವುದರಲ್ಲಿ ಒಂದಿಷ್ಟು ಕಡಿಮೆಯಾಗಿರುತ್ತಿತ್ತು. ನೆಲದ ಮೇಲೆ ಒದ್ದೆ ಕಲೆ ಇತ್ತು. ನಾನು ಅದನ್ನು ಮೂಸಿ ನೋಡಿದೆ, ಪೆಟ್ರೋಲಿನ ವಾಸನೆ. ಅಣ್ಣನನ್ನು ಕರೆದು ತೋರಿಸಿದೆ.

“ಹಳೇ ಗಾಡಿ. ಎಣ್ಣಿ ಸೋರತೈತಿ” ಎಂದುಬಿಟ್ಟ.

ದುರ್ಗದಬೈಲಿನ ಸಂದಣಿಯಲ್ಲಿ, ನೀನೂ ಕಳ್ಳನೇ ಎಂದು ಅಣ್ಣ ಹೊಸ ಡ್ರೈವರನ ಕೆನ್ನೆಗೂ ಹೊಡೆದ. ಆತ ಪೆಟ್ಟು ತಿಂದು ಸುಮ್ಮನಿರುವವನಲ್ಲ. ಗಾಡಿಯನ್ನು ನಡುಬೀದಿಯಲ್ಲೇ ನಿಲ್ಲಿಸಿ, ಇಳಿದು ಸುತ್ತಿ ಬಂದು, ಅಣ್ಣನನ್ನು ಕಾಲರು ಹಿಡಿದು ಹೊರಗೆಳೆದು ಎರಡು ಬಿಟ್ಟನಂತೆ. ಬಳೆಯಂಗಡಿಯವರು, ಹಣ್ಣು ಮಾರುವವರು ಸುತ್ತಲೂ ನಿಂತು ನೋಡಿದರಂತೆ. ಅಣ್ಣ ಸೀಳಿದ ತುಟಿಯೊಂದಿಗೆ ತಾನೇ ಗಾಡಿ ನಡೆಸಿಕೊಂಡು ಮನೆಗೆ ಬಂದ. ನಾನು ಅಯೋಡಿನ್ ಹಚ್ಚಲು ಹೋದರೆ ಬಾಟಲಿಯನ್ನು ಕಸಿದು ಗೋಡೆಗೆ ಒಗೆದ.

“ನಾಳೆ ನಾನ ಓಡಸ್ತೀನಿ. ಧಾರವಾಡಕ್ಕ ಹೋಗೂದೈತಿ. ನೀನೂ ಬಾ. ಆ ಕೈಮುರಕನ್ನೂ ಕರಕೊಂಡು ಬಾ. ಎಲ್ಲಾರ ಕಣ್ಣ ಮುಂದ ಇತ್ಯರ್ಥ ಆಗ್ಲಿ” ಎಂದ.

ಮರುದಿನ ಬೆಳಿಗ್ಗೆ ಹೊರಟೆವು. ಅಣ್ಣ ಸ್ಟಿಯರಿಂಗ್ ಹಿಡಿದಿದ್ದ. ಪಕ್ಕದಲ್ಲಿ ಕೈಯನ್ನು ಕೊರಳಿಗೆ ಜೋಲಿ ಕಟ್ಟಿಕೊಂಡ ಡ್ರೈವರ. ಹಿಂದೆ ನಾನು. ಊರು ದಾಟಿ ಉಣಕಲ್ಲಿನ ಕಡೆಗೆ ಇಳಿಜಾರು ಬಂತು. ಅಣ್ಣ ಪೆಟ್ರೋಲು ಉಳಿಸಲು ಎಂಜಿನ್ನನ್ನು ಬಂದ್ ಮಾಡಿ ಗಾಡಿಯನ್ನು ಹಾಗೇ ಉರುಳಲು ಬಿಟ್ಟ. ನಮ್ಮ ಪಕ್ಕದಲ್ಲೇ ಒಂದು ಸೈಕಲ್ಲು ಪೆಡಲು ತುಳಿಯದೆ ಸರ್ರನೆ ಇಳಿದು ಹೋಯಿತು. ನಮ್ಮ ಗಾಡಿ ಮಾತ್ರ ನಿಧಾನವಾಗುತ್ತ ಆಗುತ್ತ, ಇಳಿಜಾರಿನಲ್ಲೇ, ಕೆರೆಯ ಹತ್ತಿರ ನಿಂತುಬಿಟ್ಟಿತು.

ಇಳುಕಲಿನಲ್ಲಿ ತಾನಾಗಿ ಉರುಳದ ಗಾಡಿಯನ್ನು ಯಾರೋ ಹಿಡಿದಿರಬೇಕಲ್ಲ. ನಾನು ಇಳಿದು ಗಾಲಿಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದೆ. ಮುಂದಿನ ಎರಡೂ ತಣ್ಣಗಿದ್ದವು. ಹಿಂದಿನ ಎಡಗಾಲಿ ಉಗುರುಬೆಚ್ಚಗಿತ್ತು. ಬಲಗಾಲಿಯ ನಡುವಿನ ಕಬ್ಬಿಣದ ಹತ್ತಿರ ಕೈ ಒಯ್ಯುತ್ತಲೇ ಝಳ ಹೊಡೆಯಿತು. ಬೊಗಸೆಯಲ್ಲಿ ಕೆರೆಯ ನೀರು ತಂದು ಚಿಮುಕಿಸಿದೆ. ಕಾದ ಹಂಚಿನ ಮೇಲೆ ಬಿದ್ದ ಹಾಗೆ ಚೊಂಯ್ ಎಂದು ಆವಿಯಾಯಿತು.

“ಇದೇನು?” ಎಂದು ಡ್ರೈವರನನ್ನು ಕೇಳಿದೆ.

ಅವನು ಅಣ್ಣನ ಮುಖ ನೋಡಿ ತಲೆ ತಗ್ಗಿಸಿದ. “ಬ್ರೇಕ್ರಿ ಅಕ್ಕಾರ. ಹಿಡಕೊಂಡ ಬಿಟ್ಟೈತಿ, ಬಿಡವಲ್ತು.”

“ಯಾವಾಗಿಂದ?”

“ಬ್ಯಾಸಗ್ಯಾಗ ಟಾಂಗಾಕ್ಕ ಬಡದಿತ್ತಲ್ರಿ, ಆವಾಗಿಂದ. ಕಾಲಿಟ್ಟ ಕೂಡಲೆ ನಿಂದರಬೇಕು, ಗಟ್ಟಿ ಬಿಗಿ ಅಂದ್ರು ಧಣ್ಯಾರು. ಇಷ್ಟು ಬಿಗದ್ರ ಗಾಲಿ ಹಿಡಕೋತಾವ್ರಿ ಅಂದೆ. ಕೇಳಲಿಲ್ಲ. ಬಿಗದೆ.”

ಗಾಲಿಯನ್ನು ಒಂದು ಕೈ ಹಿಂದಕ್ಕೆ ಎಳೆಯುತ್ತಿತ್ತು, ಎಂಜಿನ್ನು ಮುಂದಕ್ಕೆ ಎಳೆಯುತ್ತಿತ್ತು. ಆ ಜಗ್ಗಾಟಕ್ಕೆ ಪೆಟ್ರೋಲು ಸುಡುತ್ತಿತ್ತು. ನನಗೆ ಎಷ್ಟು ಸರಳವಾಗಿ ತಿಳಿಯಿತೋ ಅಷ್ಟೇ ಸರಳವಾಗಿ ಹೇಳಿಬಿಟ್ಟೆ. “ಅಣ್ಣಾ, ಇದು ನೀನ ಬಿಗಿ ಅಂತ ಹೇಳಿದ ಬ್ರೇಕು. ಇವನ ಕೈ ಸುಮ್ಮನ ಮುರದಿ.”

ಅವನು ನನ್ನ ಕೆನ್ನೆಗೆ ಹೊಡೆದ.

ಹಣೆ ಗಾಡಿಯ ಬಾಗಿಲಿಗೆ ಬಡಿಯಿತು. ಕಿವಿಯಲ್ಲಿ ಕೆರೆಯ ತುಂಬ ಕಪ್ಪೆ ಕೂಗಿದ ಹಾಗೆ ಸದ್ದು. ಬಾಯಲ್ಲಿ ಉಪ್ಪಿನ ರುಚಿ. ನೋವಿಗಿಂತ ಮೊದಲು ನೆನಪಾದದ್ದು ಗಂಡನ ಮನೆಯ ಹಿತ್ತಲಿನ ಕೋಣೆ. ಅಲ್ಲಿಯೂ ಹೀಗೇ ಉಪ್ಪುಪ್ಪಾಗಿರುತ್ತಿತ್ತು. ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವನು ಈಗ ಎದುರಿಗೆ ಉಸಿರು ಬಿಡುತ್ತ ನಿಂತಿದ್ದ.

“ಅಕ್ಕಾರ ಮ್ಯಾಲೆ ಕೈ ಮಾಡಬ್ಯಾಡ್ರಿ” ಎಂದ ಡ್ರೈವರ. ಅವನ ದನಿ ಬದಲಾಗಿತ್ತು.

“ನೀ ಬಾಯಿ ಮುಚ್ಚಲೇ!” ಅಣ್ಣ ಹ್ಯಾಂಡಲ್ ತೆಗೆದುಕೊಂಡು ಗಾಡಿಯ ಮುಂದೆ ಹೋದ. ಇಬ್ಬರನ್ನೂ ಅಲ್ಲೇ ಬಿಟ್ಟು ಹೋಗುವ ಹುನ್ನಾರವಿದ್ದಿರಬೇಕು. ಚೋಕನ್ನು ಪೂರ್ತಿ ಎಳೆದಿಟ್ಟಿದ್ದ. ಚಳಿಯಲ್ಲಿ ತಣ್ಣಗಾದ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಕೊಡಲು ಎಳೆಯುವ ಗುಂಡಿ ಅದು. ಎಂಜಿನ್ನು ಕಾದಿರುವಾಗ ಅದನ್ನು ಮುಟ್ಟಬಾರದು. ತಿರುವಿದ, ಬೈದ, ಮತ್ತೆ ತಿರುವಿದ. ಎಂಜಿನ್ನಿನ ಕೆಳಗೆ ತೊಟತೊಟ ಎಂದು ಏನೋ ಬೀಳುತ್ತಿತ್ತು. ಪೆಟ್ರೋಲಿನ ವಾಸನೆ ಮೂಗಿಗೆ ಅಡರಿತು. ಬಾನೆಟ್ಟು ಎತ್ತಿ ಒಳಗೆ ಇಣುಕಿದ, ಹಾಗೇ ಬಿಟ್ಟು ಇನ್ನೊಮ್ಮೆ ಸಿಟ್ಟಿನಿಂದ ತಿರುವಿದ. ಎಂಜಿನ್ನು ಬಂದೂಕಿನ ಹಾಗೆ ಢಂ ಎಂದಿತು. ಎತ್ತಿದ ಬಾನೆಟ್ಟಿನ ಅಡಿಯಿಂದ ಉರಿ ಹೊರಗೆ ಹಾರಿ ಅವನ ಮುಖಕ್ಕೂ ಕೋಟಿನ ತೋಳಿಗೂ ಹತ್ತಿಕೊಂಡಿತು.

ಅವನು ಕೂಗುತ್ತ ರಸ್ತೆಗೆ ಓಡಿದ. ಓಡಿದಷ್ಟೂ ತೋಳು ಉರಿಯಿತು. ನಾನು ಹಿಂದಿನಿಂದ ಹಾರಿ ಅವನನ್ನು ಧೂಳಿಗೆ ಕೆಡವಿದೆ, ಮೇಲೆ ಬಿದ್ದು ಮಣ್ಣಿನಲ್ಲಿ ಹೊರಳಾಡಿಸಿದೆ, ಸೆರಗಿನಿಂದ ಅಮುಕಿದೆ. ಅವನ ಮೊಣಕೈ ನನ್ನ ಎದೆಗೆ ಬಡಿಯಿತು. ಸುಟ್ಟ ಕೂದಲಿನ ವಾಸನೆ. ಉರಿ ಆರಿದ ಮೇಲೆ ತಲೆಯೆತ್ತಿ ನೋಡಿದರೆ ಡ್ರೈವರ ನಿಂತಲ್ಲೇ ನಿಂತಿದ್ದ. ಎಂಜಿನ್ನು ಭಗಭಗ ಉರಿಯುತ್ತಿತ್ತು. ಅವನು ಅದನ್ನು ನೋಡುತ್ತಿದ್ದ, ಅಣ್ಣನನ್ನು ನೋಡುತ್ತಿದ್ದ.

“ಏನರ ಮಾಡೋ!” ಎಂದು ಚೀರಿದೆ.

ಆಗ ಮೆಲ್ಲಗೆ ನಡೆದು ಹೋದ. ಎಡಗೈ ಹಾಕಿ ಪೆಟ್ರೋಲಿನ ನಳ ಬಂದ್ ಮಾಡಿದ. ಕೆರೆಯ ದಂಡೆಯ ಹಸಿಮಣ್ಣನ್ನು ಕಾಲಿನಿಂದ ಒಟ್ಟುಮಾಡಿ, ಒಂದೇ ಕೈಯಲ್ಲಿ ಎತ್ತೆತ್ತಿ ಉರಿಯ ಮೇಲೆ ಹಾಕಿದ. ಸ್ವಲ್ಪ ಹೊತ್ತಿನಲ್ಲಿ ಹೊಗೆ ಮಾತ್ರ ಉಳಿಯಿತು. ಬಹಳ ದಿನಗಳ ಮೇಲೆ ಅವನೇ ನನಗೆ ಹೇಳಿದ: “ಸ್ವಲ್ಪ ಉರೀಲಿ ಅಂತ ನಿಂತಿದ್ದೆ ಅಕ್ಕಾರ. ನಿಮ್ಮ ಮುಂದ ಸುಳ್ಳು ಹೇಳಂಗಿಲ್ಲ.” ನಾನು ಅವನನ್ನು ದೂರಲಿಲ್ಲ.

ಅಣ್ಣನ ಬಲಗೈ ಮೊಣಕೈವರೆಗೆ ಬೊಬ್ಬೆಯೆದ್ದಿತ್ತು. ಒಂದು ಕಡೆಯ ಮೀಸೆ, ಹುಬ್ಬು ಸುಟ್ಟುಹೋಗಿದ್ದವು. ಉಣಕಲ್ಲಿನ ರೈತನೊಬ್ಬನ ಎತ್ತು ಕಟ್ಟಿ ಗಾಡಿಯನ್ನು ಹುಬ್ಬಳ್ಳಿಗೆ ಎಳೆಸಿಕೊಂಡು ಬಂದೆವು. ದಾರಿಯುದ್ದಕ್ಕೂ ಮಂದಿ ನಿಂತು ನಕ್ಕರು. ಅಣ್ಣ ಹಿಂದಿನ ಸೀಟಿನಲ್ಲಿ ನರಳುತ್ತ ಮಲಗಿದ್ದ.

ಸ್ಟೇಷನ್ ರಸ್ತೆಯ ಮುದಿ ಮಿಸ್ತ್ರಿಯೊಬ್ಬ ಗಾಡಿಯನ್ನು ಬಿಚ್ಚಿದ. ಪೈಲವಾನನನ್ನೂ ನಾನು ಹೇಳಿ ಕರೆಸಿದ್ದೆ. ಕಾರ್ಬುರೇಟರಿನೊಳಗೆ ತೇಲುವ ಹಿತ್ತಾಳೆಯ ಪೊಳ್ಳು ಗುಂಡೊಂದು ಇರುತ್ತದೆ. ಪೆಟ್ರೋಲು ತುಂಬಿದಾಗ ಅದು ಮೇಲೆದ್ದು ದಾರಿ ಮುಚ್ಚಬೇಕು. ಮಿಸ್ತ್ರಿ ಅದನ್ನು ತೆಗೆದು ಅಲ್ಲಾಡಿಸಿದ. ಒಳಗೆ ಕುಲುಕುಲು ಎಂದು ಪೆಟ್ರೋಲು ಆಡಿತು. ಬಿಸಿನೀರಿನಲ್ಲಿ ಮುಳುಗಿಸಿದಾಗ ಬೆಸುಗೆಯ ಒಂದು ಕಡೆಯಿಂದ ಸಣ್ಣ ಗುಳ್ಳೆಗಳು ಎದ್ದವು.

“ತೂತು ಬಿದ್ದೈತ್ರಿ. ಹೊಟ್ಟಿ ತುಂಬಿ ಮುಳುಗೇತಿ. ಮುಳುಗಿದ್ದು ದಾರಿ ಹೆಂಗ ಮುಚ್ಚತೈತಿ? ಗಾಡಿ ಓಡಿದ್ರೂ ಸುರೀತೈತಿ, ನಿಂತ್ರೂ ಸೋರತೈತಿ” ಎಂದ. ಚೋಕಿನ ತಂತಿಯೂ ತುಕ್ಕು ಹಿಡಿದು, ಗುಂಡಿಯನ್ನು ಒತ್ತಿದರೂ ಪೂರ್ತಿ ಹಿಂದೆ ಹೋಗುತ್ತಿರಲಿಲ್ಲ. ಪ್ಲಗ್ಗುಗಳು ಕಾಡಿಗೆ ಬಳಿದ ಹಾಗೆ ಕರ್ರಗಿದ್ದವು.

ಅವನು ತೂತಿಗೆ ಬೆಸುಗೆ ಹಾಕಿದ, ತಂತಿಗೆ ಎಣ್ಣೆ ಬಿಟ್ಟ, ಬ್ರೇಕನ್ನು ಸಡಿಲಿಸಿ ಗಾಲಿಯನ್ನು ಎತ್ತಿ ಬೆರಳಿನಿಂದ ತಿರುಗಿಸಿದ. ಗಾಲಿ ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಸುಟ್ಟ ತಂತಿ, ಪೈಪುಗಳನ್ನು ಬದಲಿಸಿದ ಮೇಲೆ ಗಾಡಿಯನ್ನು ಧಾರವಾಡಕ್ಕೆ ಒಯ್ದು ತಂದರು. ಕಡ್ಡಿಯ ಮೇಲೆ ಪೆಟ್ರೋಲು ಇಳಿದದ್ದು ಮೊದಲಿನ ಅರ್ಧವೂ ಇರಲಿಲ್ಲ.

ಸಂತೆಯ ದಿನ ಅಂಗಳದಲ್ಲಿ ಮಂದಿ ಕೂಡಿದರು. ಅಣ್ಣ ಪಟ್ಟಿ ಸುತ್ತಿದ ಕೈಯೊಂದಿಗೆ ಬಂದು ನಿಂತ. ಕಣ್ಣು ನೆಲದ ಮೇಲಿತ್ತು.

“ಪೆಟ್ರೋಲ್ ಗಾಡಿ ಕುಡದೈತಿ. ಇವ ಕಳ್ಳ ಅಲ್ಲ” ಎಂದ.

“ಅಷ್ಟನ?” ಎಂದ ಡ್ರೈವರ.

ಡ್ರೈವರ ಮುಂದೆ ಬಂದು ಎಡಗೈಯಿಂದ ಅಣ್ಣನ ಕೆನ್ನೆಗೆ ಬಾರಿಸಿದ. ಸುಟ್ಟ ಕಡೆಯ ಕೆನ್ನೆಗೇ. ಅಣ್ಣ ತೂರಾಡಿ ಕಟ್ಟೆ ಹಿಡಿದುಕೊಂಡ. ನಮ್ಮ ಆಳುಗಳು ಕೊಡಲಿಯತ್ತ ಕೈ ಚಾಚಿದರು, ಪೈಲವಾನ ಬಡಿಗೆ ಎತ್ತಿದ. ವೈನಿ ಪಡಸಾಲೆಯಿಂದ ಮೊದಲ ಸಲ ದನಿ ತೆಗೆದು ಕೂಗಿದಳು: “ಸಾಕು! ಯಾರರ ಇನ್ನೊಂದು ಏಟು ಹಾಕಿದ್ರ ನಾ ಬಾವಿಗೆ ಬೀಳ್ತೀನಿ!” ಅವಳು ನಿಜವಾಗಿಯೂ ಹಿತ್ತಲಿನತ್ತ ಓಡಿದಳು. ಅಣ್ಣನೇ ಅವಳ ಹಿಂದೆ ಓಡಿದ. ಡ್ರೈವರ ನನಗೆ ಕೈ ಮುಗಿದು ತನ್ನ ಅಣ್ಣನ ಜೊತೆ ಹೊರಟುಹೋದ. ಅವನ ಮುರಿದ ಕೈ ಕೂಡಿತು, ಆದರೆ ಸ್ವಲ್ಪ ಸೊಟ್ಟಗೆ. ಮುಂದೆ ಅವನು ಹುಬ್ಬಳ್ಳಿ ಧಾರವಾಡದ ನಡುವೆ ಬಸ್ಸು ಓಡಿಸುತ್ತಿದ್ದ.

ಅಣ್ಣನ ಸಿಟ್ಟು ಅಲ್ಲಿಗೆ ಇಳಿಯಿತು ಎಂದರೆ ಸುಳ್ಳಾದೀತು. ಸುಟ್ಟ ಕೈ ಮಾಯುವ ಮೊದಲೇ ಆಳೊಬ್ಬನ ಮೇಲೆ ತಂಬಿಗೆ ಎಸೆದ. ಆ ದಿನವೇ ನಾನು ಟ್ರಂಕು ಕಟ್ಟಿದೆ. ಧಾರವಾಡದ ದವಾಖಾನೆಯಲ್ಲಿ ನರ್ಸುಗಳಿಗೆ ಇರಲು ಕೋಣೆ ಕೊಡುತ್ತಿದ್ದರು.

“ಯಾಕ ಹೋಗಾಕತ್ತಿ? ನಾ ನಿನ್ನ ಅಲ್ಲಿಂದ ಬಿಡಿಸಿಕೊಂಡು ಬಂದಾಂವ” ಎಂದ ಅಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ.

“ಹೌದಣ್ಣಾ. ಅಲ್ಲಿ ಹೊಡತ ತಿಂದು ಇರೂದು ಬ್ಯಾಡ ಅಂತ ನೀನ ಹೇಳಿದ್ದಿ” ಎಂದೆ.

ಅವನು ನನ್ನ ಟ್ರಂಕನ್ನು ಎತ್ತಲು ಬಾಗಿದ. ಸುಟ್ಟ ಕೈಯ ಬೆರಳು ಹಿಡಿಕೆಯನ್ನು ಹಿಡಿಯಲಿಲ್ಲ. ನಾನೂ ವೈನಿಯೂ ಸೇರಿ ಅದನ್ನು ಟಾಂಗಾದಲ್ಲಿಟ್ಟೆವು. ಸ್ಟೇಷನ್ನಿಗೆ ಬರುವವರೆಗೂ ವೈನಿ ನನ್ನ ಪಕ್ಕದಲ್ಲಿ ಕೂತಿದ್ದಳು. ರೈಲು ಅಲುಗಾಡಿದಾಗ ಕಿಟಕಿಯ ಹತ್ತಿರ ಬಂದು, “ಕೋಣ್ಯಾಗ ಎರಡು ಮಂಚ ಹಿಡೀತಾವೇನು?” ಎಂದು ಕೇಳಿದಳು.

“ಹಿಡೀತಾವ ವೈನಿ” ಎಂದೆ.